ಎರಡು ಚೀಟಿ ಹೊತ್ತ ಪೆಟ್ಟಿಗೆ

ನಾನು ಒಂದು ಮತಪೆಟ್ಟಿಗೆ. ಉಕ್ಕಿನ ತಗಡು ಬಗ್ಗಿಸಿ, ಮುಚ್ಚಳದಲ್ಲೊಂದು ಸೀಳು ಬಿಟ್ಟು ಕಾರ್ಖಾನೆಯವರು ನನ್ನನ್ನು ರಾಯಚೂರು ಸೀಮೆಯ ತಾಲ್ಲೂಕು ಕಚೇರಿಯೊಂದಕ್ಕೆ ಕಳಿಸಿದರು.

ನನ್ನ ಮೊದಲ ಚುನಾವಣೆಯೇ ಜೋಡಿ ಚುನಾವಣೆ. ಲೋಕಸಭೆಗೂ ವಿಧಾನಸಭೆಗೂ ಒಂದೇ ದಿನ ಮತದಾನ. ಮತಗಟ್ಟೆ ಅಧಿಕಾರಿಯಾಗಿದ್ದ ಹಂಪಯ್ಯ ಮೇಷ್ಟ್ರು ನನ್ನನ್ನು ಕೃಷ್ಣೆಯ ನಡುಗಡ್ಡೆಯೊಂದಕ್ಕೆ ಒಯ್ದರು. ಹೊಳೆ ತುಂಬಿತ್ತು. ಹರಿಗೋಲು ಸುಳಿಗೆ ಸಿಕ್ಕು ಗಿರ್ರನೆ ತಿರುಗಿದಾಗ ಅವರು ನನ್ನನ್ನು ಎದೆಗೆ ಅವುಚಿಕೊಂಡರು.

"ಎರಡೂ ಒಮ್ಮೆಗೇ ಮುಗೀತಾವಲ್ಲ, ಪುಣ್ಯ! ಈ ಹೊಳಿ ಎರಡು ಸಲ ಯಾರು ದಾಟಬೇಕು?" ಎಂದರು.

ದಿಲ್ಲಿಗೆ ಬಿಳಿ ಚೀಟಿ, ಬೆಂಗಳೂರಿಗೆ ಗುಲಾಬಿ ಚೀಟಿ. ಎರಡೂ ನನ್ನ ಹೊಟ್ಟೆಗೇ. ಊರಿನ ಹರಿಗೋಲುಗಳ ಒಡೆಯ ವೀರನಗೌಡ ಪಕ್ಷವೊಂದರ ಏಜೆಂಟನಾಗಿ ಕೂತಿದ್ದ. ಮೀನು ಹಿಡಿಯುವ ದುರುಗಮ್ಮ ಚೀಟಿಗಳನ್ನು ಹಿಡಿದು ಕೇಳಿದಳು:

"ಸರ, ಎರಡಕ್ಕೂ ಒಂದೇ ಗುರುತಿಗೆ ಒತ್ತಬೇಕೇನ್ರಿ?"

"ಹೂಂ, ಒಂದೇ! ದಿಲ್ಲಿ ಗಾಳಿ ಎತ್ತಾಗೋ ಅತ್ತಾಗೇ ಒತ್ತು," ಗೌಡ ಗದರಿದ.

"ನನ್ನ ಮಗಳು ಹೆರಿಗಿಗೆ ಹೊಳಿ ದಾಟೋದ್ರಾಗ ಸತ್ತಳ್ರಿ ಗೌಡ್ರ. ಸೇತುವಿ ಮಾತು ದಿಲ್ಲೀದಲ್ಲ, ಇಲ್ಲೀದು."

ಹಂಪಯ್ಯ ಎದ್ದು ನಿಂತರು. "ಎರಡು ಚೀಟಿ, ಎರಡು ಬ್ಯಾರೆ ಮಾತವ್ವ. ನಿನಗ ತಿಳಿದಂಗ ಒತ್ತು. ಗೌಡ್ರ, ನೀವು ಹೊರಗ ನಡೀರಿ."

"ಆಯ್ತು. ಸಂಜಿಗೆ ಆ ಪೆಟ್ಟಿಗಿ ತಲಿ ಮ್ಯಾಲಿಟ್ಕೊಂಡು ಈಜಿ ಹೋಗ್ರಿ!"

ಗೌಡ ಸಿಟ್ಟಿನಿಂದ ಹೊರನಡೆದ. ಕಾವಲಿಗಿದ್ದವನು ಒಬ್ಬನೇ ಕಾನ್‌ಸ್ಟೇಬಲ್. ಆದರೂ ಮತದಾನ ನಿಲ್ಲಲಿಲ್ಲ.

ಸಂಜೆ ನನಗೆ ಅರಗಿನ ಮೊಹರು ಬಿತ್ತು. ದಂಡೆಗೆ ಬಂದರೆ ಒಂದೂ ಹರಿಗೋಲಿಲ್ಲ. ನೀರು ಏರುತ್ತಿತ್ತು, ಹಿಂದೆ ಗೌಡನ ಆಳುಗಳು ಕೋಲು ಹಿಡಿದು ನಿಂತಿದ್ದರು. ಅಷ್ಟರಲ್ಲಿ ದುರುಗಮ್ಮ ತನ್ನ ಮೀನಿನ ಹರಿಗೋಲನ್ನು ತಲೆಯ ಮೇಲೆ ಹೊತ್ತು ಬಂದಳು. ಅವಳ ಬೆನ್ನಿಗೆ ಊರಿನ ಹೆಂಗಸರೆಲ್ಲ ಬಂದರು. ಆಳುಗಳು ಸರಿದು ದಾರಿ ಬಿಟ್ಟರು. ಹುಟ್ಟು ಹಾಕಿದವಳು ಅವಳೇ. ತಳದಲ್ಲಿ ನೀರು ಜಿನುಗುತ್ತಿದ್ದರೆ ಕಾನ್‌ಸ್ಟೇಬಲ್ ತನ್ನ ಟೋಪಿಯಿಂದಲೇ ಮೊಗೆದು ಚೆಲ್ಲಿದ. ಹೇಗೋ ದಡ ಸೇರಿದೆವು.

ಎಣಿಕೆಯಲ್ಲಿ ಆ ಊರಿನ ಬಿಳಿ ಚೀಟಿಗಳು ಒಂದು ಗುರುತಿಗೆ, ಗುಲಾಬಿ ಚೀಟಿಗಳು ಇನ್ನೊಂದು ಗುರುತಿಗೆ ಬಿದ್ದಿದ್ದವು. ಉಳಿದ ಕಡೆ ಬಿಳಿ ಚೀಟಿಯ ಗಾಳಿಯೇ ಗುಲಾಬಿ ಚೀಟಿಯನ್ನೂ ಹೊತ್ತೊಯ್ದಿತ್ತು. ಸೇತುವೆ ಬೇಕೆಂದು ವಿಧಾನಸಭೆಗೆ ನಿಂತಿದ್ದವನು ಸೋತ.

ಮುಂದೆ ಎರಡು ಚುನಾವಣೆಗಳೂ ಬೇರೆಯಾದವು. ಲೋಕಸಭೆಗೆ ಒಮ್ಮೆ ಹೊಳೆ ದಾಟಿ ಬಂದೆವು. ಮರುವರ್ಷ ವಿಧಾನಸಭೆಗೆ ಹೊರಟಾಗ ಹರಿಗೋಲು ಮಗುಚಿತು. ನನ್ನನ್ನು ದಡಕ್ಕೆ ತಳ್ಳಿದ ಅದೇ ಕಾನ್‌ಸ್ಟೇಬಲ್ ನೀರುಪಾಲಾದ. "ಒಮ್ಮೆಗೇ ಮುಗಿದಿದ್ರ ಇವನು ಉಳೀತಿದ್ದ," ಎಂದು ಹಂಪಯ್ಯ ಮರಳಿನಲ್ಲಿ ಕುಸಿದು ಅತ್ತರು. ಆದರೆ ಅದೇ ಚುನಾವಣೆಯಲ್ಲಿ ದಿಲ್ಲಿಯ ಸದ್ದಿರಲಿಲ್ಲ. ಮತದಾನಕ್ಕೆ ಮೊದಲೇ ಅಭ್ಯರ್ಥಿಗಳೆಲ್ಲ ನಡುಗಡ್ಡೆಗೆ ಬಂದು ದುರುಗಮ್ಮನ ಎದುರು ಸೇತುವೆಯ ಮಾತು ಕೊಡಬೇಕಾಗಿ ಬಂದಿತ್ತು. ಗೆದ್ದವನು ಕಟ್ಟಿಸಿದ.

ಮತಯಂತ್ರಗಳು ಬಂದ ಮೇಲೆ ನಾನು ಕಚೇರಿಯ ಮೂಲೆ ಸೇರಿದೆ, ಮೈಗೆ ತುಕ್ಕು ಹಿಡಿಯಿತು. ಹೊಳೆ ನುಂಗಿದ ಆ ಜೀವ, ಹೊಳೆಯ ಮೇಲೆ ನಿಂತ ಆ ಸೇತುವೆ, ಎರಡನ್ನೂ ಕಂಡ ನನಗೆ ಇಂದಿಗೂ ತೀರ್ಪು ಹೇಳಲು ಬಾಯಿ ಬರುವುದಿಲ್ಲ.

ಮೊನ್ನೆ ದುರುಗಮ್ಮ ಕಚೇರಿಗೆ ಬಂದಿದ್ದಳು, ಹಣ್ಣು ಮುದುಕಿ. "ಎರಡೂ ಚುನಾವಣೆ ಒಮ್ಮೆಗೇ ಮಾಡಿದ್ರ ಎಷ್ಟು ಖರ್ಚು, ಎಷ್ಟು ತ್ರಾಸು ಉಳೀತದ ನೋಡು," ಎಂದು ಗುಮಾಸ್ತ ಪಕ್ಕದವನಿಗೆ ಹೇಳುತ್ತಿದ್ದ.

ಅವಳು ಕೋಲೂರಿ ನಿಂತಳು. "ಉಳೀತದಪ್ಪ. ಜೀವಾನೂ ಉಳೀತಾವ, ಇಲ್ಲನ್ನಂಗಿಲ್ಲ. ಆದ್ರ ದೊಡ್ಡವ್ರು ನಮ್ಮೂರಿಗೆ ಬಂದು ಏನು ಬೇಕವ್ವ ಅಂತ ಕೇಳೋದು ಓಟು ಬಂದಾಗ ಮಾತ್ರ. ಅದನ್ನೂ ಅರ್ಧ ಮಾಡ್ತೀರೇನು?"