ಮಿಲ್ಲಿನಂಗಳದ ಕರಕಿ

ನನ್ನ ಮಗಳು ಹುಲಗಮ್ಮ ಹುಲ್ಲು ಬೆಳೆಸುವ ಕೆಲಸ ಹಿಡಿದಾಗ ನಮ್ಮ ಓಣಿಯಲ್ಲಿ ನಗದವರಿಲ್ಲ. ನಾನು ಯಲಬುರ್ಗಾ ಕಡೆಯ ಎರೆಹೊಲದಲ್ಲಿ ಬೆಳೆದವಳು. ಅಲ್ಲಿ ಗರಿಕೆ, ನಮ್ಮ ಬಾಯಲ್ಲಿ ಕರಕಿ, ಎಂದರೆ ಹಗೆ. ನಮ್ಮಪ್ಪ ಬೇಸಿಗೆಯೆಲ್ಲ ನೆಲ ಅಗೆದು ಅದರ ಬೇರು ಹುಡುಕುತ್ತಿದ್ದ. ಮೊಮ್ಮಗಳು ಅದೇ ಗರಿಕೆಯನ್ನು ನೆಟ್ಟು, ನೀರುಣಿಸಿ, ಅದಕ್ಕೆ ಕೂಲಿಯನ್ನೂ ತರುತ್ತಾಳೆಂದರೆ ಅವನು ನಂಬುತ್ತಿರಲಿಲ್ಲ.

ಮೊದಲು ಅವಳು ಗಂಗಾವತಿಯಲ್ಲಿ ಕಾಲುವೆ ಇಲಾಖೆಯ ಸಾಹೇಬರ ಬಂಗಲೆಗಳಿಗೆ ಹೋಗುತ್ತಿದ್ದಳು. ಕರೆಯುವುದು ಹುಲ್ಲು ಕತ್ತರಿಸಲು, ಒಳಗೆ ಬಿಡುವುದು ಹಿತ್ತಲ ಬಾಗಿಲಿಂದ. ಹುಲ್ಲಿನ ಕೆಲಸ ಮುಗಿಯುವಷ್ಟರಲ್ಲಿ ಮುಸುರೆ ಪಾತ್ರೆ ಹೊರಗೆ ಬಂದಿರುತ್ತಿದ್ದವು. ಅದರ ಹಿಂದೆ ಮಕ್ಕಳ ಬಟ್ಟೆ. ಒಂದು ಸಲ ದೊಡ್ಡ ಬಂಗಲೆಯ ಅಮ್ಮನವರು ಕೂಲಿಯ ಬದಲು ಹಳೆಯ ಸೀರೆ ಕೊಟ್ಟರು. ಹುಲಗಮ್ಮ ಅದನ್ನು ಮಡಿಕೆ ಬಿಚ್ಚಿ ಅವರದೇ ಹಗ್ಗದ ಮೇಲೆ ಒಣಹಾಕಿ ಬಂದಳು.

"ಯವ್ವಾ, ಇನ್ನ ಮನಿಮನಿಗೆ ಹೋಗೂದು ಸಾಕು," ಎಂದಳು ಆ ಸಂಜೆ. "ಮಿಲ್ಲು, ಟಾಕೀಜು, ಲಾಡ್ಜು, ಅಂಥಾ ಕಡಿ ಕೆಲಸ ಹಿಡೀತೀನಿ. ಅಲ್ಲಿ ಹುಲ್ಲಂದ್ರ ಹುಲ್ಲಷ್ಟ. ಮುಸುರಿ ಇರಂಗಿಲ್ಲ."

ನಾನು ಅವಳ ಅಂಗೈಗೆ ಎಣ್ಣೆ ಸವರುತ್ತಿದ್ದೆ. ಹುಲ್ಲಿನ ಅಲಗು ಎಳೆದ ಗೀರುಗಳು ಅಡ್ಡಡ್ಡ ಇದ್ದವು. "ಮಿಲ್ಲಿನವ್ರು ಹೆಣ್ಮಗಳಿಗೆ ಕೊಡ್ತಾರೇನ?" ಎಂದೆ.

"ಕೊಡದಿದ್ರ ಕೇಳಿ ತಗೋತೀನಿ."

ಕೇಳಿಯೇ ತೆಗೆದುಕೊಂಡಳು. ಶ್ರೀರಾಮನಗರದ ಒಂದು ಅಕ್ಕಿ ಮಿಲ್ಲಿನ ಸಾಹುಕಾರರು ವ್ಯಾಪಾರಕ್ಕೆ ಬರುವವರಿಗಾಗಿ ಅತಿಥಿಗೃಹ ಕಟ್ಟಿಸಿದ್ದರು. ಅದರ ಮುಂದೆ ಹಸಿರು ಅಂಗಳ ಬೇಕಿತ್ತು. ಮ್ಯಾನೇಜರ್ ಬಾಲಪ್ಪ ಹೊಸಪೇಟೆಯಿಂದ ಮಾಲಿಯನ್ನು ಕರೆಸುವವನಿದ್ದ. ಹುಲಗಮ್ಮ ಸಾಹುಕಾರರನ್ನೇ ಗೇಟಿನಲ್ಲಿ ನಿಲ್ಲಿಸಿ ಮಾತಾಡಿ ಕೆಲಸ ಪಡೆದಳು. ಬಾಲಪ್ಪನಿಗೆ ಅದು ಚುಚ್ಚಿತ್ತು. ಕೆಲಸ ಕೆಟ್ಟರೆ ಮತ್ತೆ ಬಂಗಲೆಯ ಹಿತ್ತಲ ಬಾಗಿಲೇ ಗತಿ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಗರಿಕೆ ನೆಟ್ಟಳು. ಬೇರು ಹಿಡಿಯಿತು. ಸಾಹುಕಾರರು ಮದ್ರಾಸಿನ ವ್ಯಾಪಾರಿಗಳನ್ನು ಕರೆತರುವ ದಿನ ಹತ್ತಿರ ಬಂತು. ಅಷ್ಟರಲ್ಲಿ ಅಂಗಳದಲ್ಲಿ ಕಳೆ ಎದ್ದಿತ್ತು. ಹುಲಗಮ್ಮ ಗದ್ದೆಯಲ್ಲಿ ಕಳೆ ತೆಗೆಯುವ ಹೆಂಗಸರನ್ನು ಕರೆದಳು. ಅವರ ಮುಂದಾಳು ನಮ್ಮ ಓಣಿಯ ಗೌಸಬೀ. ನಾಟಿಯಿರಲಿ, ಕಳೆಯಿರಲಿ, ಅವಳಷ್ಟು ಚುರುಕಿನ ಕೈ ನಮ್ಮಲ್ಲಿ ಬೇರೆ ಇರಲಿಲ್ಲ.

"ಚಿಗವ್ವಾ, ಇಲ್ಲಿ ಕಳೆ ತಗೀರಿ. ನಾ ಉಮರಸಾಬನ ಹತ್ರ ಹುಲ್ಲು ಕತ್ತರಸೂ ಮಿಷನ್ನಿಗೆ ಸಾಣಿ ಹಿಡಿಸಿಕೊಂಡು ಬರ್ತೀನಿ," ಎಂದು ಅವಳಿಗೆ ಹೇಳಿ ಹುಲಗಮ್ಮ ಗಂಗಾವತಿಗೆ ಹೋದಳು.

ಮಧ್ಯಾಹ್ನ ನಾನು ರೊಟ್ಟಿಗಂಟು ಹಿಡಿದು ಮಿಲ್ಲಿಗೆ ಹೋದೆ. ಅವಳು ಆಗಷ್ಟೇ ಬಂದು ಗೇಟಿನೊಳಗೆ ನಿಂತಿದ್ದಳು. ಮಿಷನ್ನಿನ ಹಿಡಿ ಕೈಯಲ್ಲೇ ಇತ್ತು. ಅರ್ಧ ಅಂಗಳ ಬೋಳಾಗಿತ್ತು. ಬೋಳು ನೆಲದಲ್ಲಿ ಅಲ್ಲೊಂದು ಇಲ್ಲೊಂದು ಎಳೆಯ ಭತ್ತದ ಪೈರು ನೆಟ್ಟಗೆ ನಿಂತಿತ್ತು. ಕಿತ್ತ ಗರಿಕೆ ಗೋಡೆಯ ಬುಡದಲ್ಲಿ ಗುಡ್ಡೆ ಬಿದ್ದಿತ್ತು.

ಅಂಗಳದ ಪಕ್ಕ ಲಾರಿಯಿಂದ ಇಳಿಸುವಾಗ ಹರಿದ ಚೀಲಗಳಿಂದ ಭತ್ತ ಸುರಿದು ಹುಲ್ಲಿನೊಳಗೆ ಮೊಳೆತಿತ್ತು. ಹುಲಗಮ್ಮ ಕಳೆ ಎಂದದ್ದು ಅದಕ್ಕೇ. ಆ ಹೆಂಗಸರ ಕೈಗಳಿಗೆ ಭತ್ತ ಕಳೆ ಅಲ್ಲ. ಜೀವಮಾನವೆಲ್ಲ ಕಿತ್ತದ್ದು ಗರಿಕೆ, ಉಳಿಸಿದ್ದು ಭತ್ತ. ಅದನ್ನೇ ಇಲ್ಲಿಯೂ ಮಾಡಿದ್ದರು, ಅಚ್ಚುಕಟ್ಟಾಗಿ, ಬೇರುಸಹಿತ.

"ಚಿಗವ್ವಾ, ಏನ್ ಮಾಡೀರಿ ಇದು!"

ಗೌಸಬೀ ಸೊಂಟದ ಮೇಲೆ ಕೈಯಿಟ್ಟು ಹೆಮ್ಮೆಯಿಂದ ಎದ್ದಳು. "ನೋಡವಾ, ಒಂದು ಎಳಿ ಕರಕಿ ಬಿಟ್ಟಿಲ್ಲ. ನೆಲ್ಲು ಮುಟ್ಟಿಲ್ಲ." ಹುಲಗಮ್ಮನ ಮುಖ ನೋಡಿದ ಮೇಲೆ ಅವಳ ಕೈ ಸೊಂಟದಿಂದ ಜಾರಿತು. "ಯಾಕವಾ... ನೆಲ್ಲು ಕೀಳಬೇಕಿತ್ತೇನು? ಅನ್ನದ ಗಿಡಾನ? ನನ್ನ ಕೈಲೆ ಆಗಂಗಿಲ್ಲ ತಾಯಿ, ಬೇಕಾದ್ರ ಬೈ."

ಬಾಲಪ್ಪ ಕಚೇರಿಯ ಮೆಟ್ಟಿಲ ಮೇಲಿಂದ ನಗುತ್ತಾ ಇಳಿದ. "ಛಲೋ ಆತು. ಸಾಹುಕಾರ್ರು ಹುಲ್ಲು ಕೇಳಿದ್ರು, ನೀವು ನೆಲ್ಲು ಬೆಳದೀರಿ. ನಾ ಆವತ್ತ ಹೇಳಿದ್ದೆ, ಇದು ಹೆಂಗಸರ ಕೆಲಸ ಅಲ್ಲಂತ. ನಡೀರಿ ಹೊರಗ. ಬಂಗಲೇದಾಗ ಮುಸುರಿ ಕಾಯಾಕತ್ತೈತಿ."

ಆ ಮಾತು ನನ್ನ ಎದೆಗೆ ನಾಟಿತು. ಮಗಳನ್ನು ಮನೆಗೆ ಕರೆದುಕೊಂಡು ಹೋಗೋಣವೆಂದು ಅವಳ ತೋಳು ಹಿಡಿದೆ. ಅವಳು ಮೆಲ್ಲಗೆ ಬಿಡಿಸಿಕೊಂಡು ಗೋಡೆಯ ಕಡೆ ನಡೆದಳು. ಗುಡ್ಡೆಯಿಂದ ಒಂದು ಹಿಡಿ ಗರಿಕೆ ತೆಗೆದು ನನ್ನ ಮುಂದೆ ಹಿಡಿದಳು.

"ಯವ್ವಾ, ನಿಮ್ಮಪ್ಪ ಇದನ್ನ ಕಿತ್ತು ಬದುವಿನ ಮ್ಯಾಲ ಒಗೀತಿದ್ನಲ್ಲ. ಸಾಯ್ತಿತ್ತೇನು?"

"ಎಲ್ಲಿ ಸಾಯ್ತಿತ್ತವಾ! ಬದುವಿನ ಮ್ಯಾಲೇ ಬೇರು ಬಿಡ್ತಿತ್ತು."

ಅವಳು ಬಾಲಪ್ಪನ ಕಡೆ ತಿರುಗಿದಳು. "ಕೇಳಿದ್ರೇನ್ರಿ? ಈ ಅಂಗಳಾ ಹಸರಾಗೂತನಕಾ ನಾ ಗೇಟು ದಾಟಂಗಿಲ್ಲ. ಎಳದು ಹಾಕಾವ್ರಿದ್ರ ಬರ್ರಿ."

ಬಾಲಪ್ಪ ಎಳೆಯಲು ಬರಲಿಲ್ಲ. ಆದರೆ ಕೊಳವೆಬಾವಿಯ ಸ್ವಿಚ್ ಇದ್ದ ಕೋಣೆಗೆ ಬೀಗ ಹಾಕಿಸಿದ. "ನೀರಿಲ್ದ ಬೆಳಸು ನೋಡೂಣು," ಎಂದ.

"ಕಾಲುವಿಗೂ ಬೀಗ ಹಾಕ್ತಿಯೇನೋ ತಮ್ಮಾ?" ಎಂದು ಗೌಸಬೀ ಕೂಗಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ತನ್ನ ಹೆಂಗಸರನ್ನು ನೋಡಿದಳು. "ಕಿತ್ತಾವ್ರು ನಾವು, ಹಚ್ಚಾವ್ರೂ ನಾವ. ಇವತ್ತು ಯಾರೂ ಕೂಲಿ ಕೇಳಬ್ಯಾಡ್ರಿ."

ನಾನೂ ರೊಟ್ಟಿಗಂಟು ಬದಿಗಿಟ್ಟು ಕೊಡ ಹಿಡಿದೆ. ಕಾಲುವೆ ಮಿಲ್ಲಿನ ಹಿಂದೆಯೇ ಇತ್ತು. ನೆಲ ತೋಯಿಸಿ ಕೆಸರು ಮಾಡಿದೆವು. ಹೆಂಗಸರು ಗರಿಕೆಯನ್ನು ಗೇಣುದ್ದ ತುಂಡು ಮಾಡಿ ಸಾಲಾಗಿ ಬಾಗಿ ನಿಂತರು. ಮುಂದೆ ನೆಡುತ್ತಾ ಹಿಂದೆ ಸರಿಯುವ, ಗದ್ದೆ ನಾಟಿಯ ನಡೆ ಅದು. ಅವರಿಗೆ ಬೇರೆ ರೀತಿ ನೆಡಲು ಬರುತ್ತಿರಲಿಲ್ಲ. ಹುಲಗಮ್ಮ ಒಬ್ಬಳೇ ತಿಂಗಳುಗಟ್ಟಲೆ ಕೂತು ಚುಚ್ಚಿದ್ದ ಹುಲ್ಲು ಅವರ ಬೆರಳುಗಳಿಂದ ಉದುರಿದ ಹಾಗೆ ನೆಲಕ್ಕಿಳಿಯಿತು.

ಹೊತ್ತು ಇಳಿಯುವಾಗ ಸಾಹುಕಾರರ ಜೀಪು ಬಂತು. ಅವರು ಆಂಧ್ರದಿಂದ ಬಂದು ಇಲ್ಲಿ ಮೊದಲು ಗದ್ದೆ ಮಾಡಿದವರು. ಗೇಟಿನಲ್ಲಿಯೇ ನಿಂತು ನೋಡಿದರು.

"ಏನಮ್ಮಾ, ನನ್ನ ಅಂಗಳದಲ್ಲಿ ನಾಟಿ ಹಾಕ್ತಾ ಇದ್ದೀರಾ?"

ಬಾಲಪ್ಪ ಬಾಯಿ ತೆರೆದ. ಹುಲಗಮ್ಮ ಅವನಿಗಿಂತ ಮುಂದೆ ಬಂದಳು. ಮೊಣಕೈವರೆಗೆ ಕೆಸರು.

"ನಾಟೀನ ರೀ, ಕರಕೀದು. ನಮ್ಮ ಹೆಣ್ಮಕ್ಳು ನೆಲ್ಲು ಉಳಿಸಿ ಹುಲ್ಲು ಕಿತ್ರು. ತಪ್ಪು ನಮ್ದು, ಹಚ್ಚಾಕತ್ತೀವಿ. ಆದ್ರ ನೆಲ್ಲು ನಿಮ್ದು. ಮೊದಲ ಹರದ ಚೀಲ ಹೊಲಿಸ್ರಿ. ಇಲ್ಲಂದ್ರ ವರ್ಷಾ ವರ್ಷಾ ಇಲ್ಲಿ ಸುಗ್ಗಿ ಮಾಡಬೇಕಾಗ್ತೈತಿ."

ಹೆಂಗಸರೆಲ್ಲ ಬಾಗಿದಲ್ಲೇ ನಕ್ಕರು. ಸಾಹುಕಾರರು ನಗಲಿಲ್ಲ. ಅಂಗಳದ ಬದಿಗೆ ನಿಂತಿದ್ದ ಭತ್ತದ ಲಾರಿಯ ಹತ್ತಿರ ಹೋಗಿ ಒಂದು ಚೀಲದ ಮೂಲೆಗೆ ಬೆರಳಿಟ್ಟರು. ಭತ್ತ ಬುಳುಬುಳು ಸುರಿಯಿತು. ಆ ಹೊತ್ತಿಗೆ ನನ್ನ ಕೈಯಲ್ಲಿದ್ದ ಕೊಡ ಅವರ ಕಣ್ಣಿಗೆ ಬಿತ್ತು.

"ಬಾಲಪ್ಪಾ, ಬೋರು ಇರುವಾಗ ಇವರು ಯಾಕೆ ಕೊಡದಲ್ಲಿ ನೀರು ಹೊರ್ತಿದ್ದಾರೆ?"

ಬಾಲಪ್ಪ ಜೇಬಿನಲ್ಲಿ ಕೀಲಿ ಹುಡುಕತೊಡಗಿದ.

ಮದ್ರಾಸಿನವರು ಬಂದಾಗ ಅಂಗಳ ತೆಳ್ಳಗಿತ್ತು, ಮುಡಿ ಕೊಟ್ಟ ತಲೆಯಲ್ಲಿ ಕೂದಲು ಬರುವ ಹಾಗೆ. ಸಾಲುಗಳು ಎದ್ದು ಕಾಣುತ್ತಿದ್ದವು. ಆದರೂ ಹಸಿರೇ. ಸಾಹುಕಾರರು ಹೊಗಳಲಿಲ್ಲ, ಕೆಲಸವನ್ನೂ ಬಿಡಿಸಲಿಲ್ಲ. ಗೌಸಬೀ ಆ ಭತ್ತದ ಪೈರುಗಳನ್ನು ಒಂದೊಂದಾಗಿ ಎತ್ತಿ ಕಾಲುವೆಯ ಅಂಚಿಗೆ ಊರಿದ್ದಳು.

ಮರುವಾರ ದೊಡ್ಡ ಬಂಗಲೆಯ ಜವಾನ ಮಿಲ್ಲಿಗೇ ಬಂದ. "ಅಮ್ಮಾರು ಕರದಾರ. ಮನ್ಯಾಗ ಬೀಗ್ರು ಬಂದಾರಂತ. ಹುಲ್ಲೂ ಭಾಳ ಬೆಳದೈತಿ," ಎಂದ.

ಹುಲಗಮ್ಮ ಮಿಷನ್ನು ತಳ್ಳುವುದನ್ನು ನಿಲ್ಲಿಸಲಿಲ್ಲ. "ಹುಲ್ಲಿಗೆ ಬರ್ತೀನಿ, ಮಿಲ್ಲಿನ ರೇಟಿಗೆ. ಮುಂದಿನ ಗೇಟು ತಗದಿರಾಕ ಹೇಳು. ಮುಸುರಿ ಬೀಗ್ರೇ ತಿಕ್ಕಲಿ."