ಮೂರು ಸುತ್ತು ನೀರು

"ಮೈ ತೊಳ್ಕೊಳಾಣ ಅಂತ ಬಂದ್ರೆ ನಾಲೆ ಒಳಗೆ ಮೇಕೆ ಮನಗವೆ ಕಣ್ಲಾ ಚಿಕ್ಕಸ್ವಾಮಿ!" ಎಂದು ಶಿವಣ್ಣ ಕೈಯ ಮಣ್ಣು ಕೊಡವಿದ.

ನೀರುಗಂಟಿ ಚಲುವಯ್ಯನನ್ನು ಈಗಷ್ಟೇ ಮಣ್ಣು ಮಾಡಿ ಬಂದಿದ್ದರು. ಮೀಯದೆ ಸಾವಿನ ಮನೆಗೆ ಹೋಗಿ ದೀಪ ನೋಡುವಂತಿಲ್ಲ. ಮೂವತ್ತು ವರ್ಷ ನೀರು ಬಿಟ್ಟವನ ಸಾವಿಗೆ ನಾಲೆಯೇ ಒಣಗಿ ಕೂತಿತ್ತು. ತೂಬಿನ ಬೀಗದ ಕೈ ಈಗಿನ ನೀರುಗಂಟಿ ಚಿಕ್ಕಸ್ವಾಮಿಯ ಜೇಬಿನಲ್ಲಿತ್ತು. ಜೊತೆಗೆ ಆಫೀಸಿನ ಚೀಟಿ: ನಾಳೆ ಬೆಳಿಗ್ಗೆ ಆರಕ್ಕೆ ತೂಬು ಎತ್ತುವುದು.

"ಚೀಟಿ ಮೀರಿದ್ರೆ ಮೆಮೊ ಕೊಡ್ತಾರೆ ಕಣಣ್ಣ."

"ಅಂಗಾದ್ರೆ ನಾಳೆ ಆರರ ಗಂಟ ಇಲ್ಲೇ ಕುಂತಿರ್ತೀವಿ ಬುಡು. ಪಾಂಡವಪುರದ ನೆಂಟ್ರಿಗೆ ನೀನೇ ಹೇಳು."

ಚಿಕ್ಕಸ್ವಾಮಿಗೆ ಎದೆ ಉರಿಯಿತು. ಎರಡು ವರ್ಷದ ಉರಿ. ನಿದ್ದೆ ಬಿಟ್ಟುಹೋದ ಜಾಗಕ್ಕೆ ಬಂದು ಸೇರಿದ್ದು.

*

ಒಂದು ಕಾಲಕ್ಕೆ ಚಲುವಯ್ಯನಿಗೆ ಹನ್ನೊಂದು ತೂಬಿದ್ದವು. ಪೈರು ನೋಡಿ, ಮೋಡ ನೋಡಿ, ತನಗೆ ಸರಿ ಕಂಡಷ್ಟು ಎತ್ತುತ್ತಿದ್ದ. ಮಧ್ಯಾಹ್ನ ಹೊಂಗೆ ಮರದಡಿ ಊರಿಗೇ ಕೇಳುವ ಗೊರಕೆ. ತೊಂಬತ್ತೆರಡನೇ ಇಸವಿಯಲ್ಲಿ ಆಫೀಸಿಗೆ ಬಂದ ಹೊಸ ಸಾಹೇಬರು ಕರುಣೆಯಿಂದ ಆರು ತೂಬು ಕಮ್ಮಿ ಮಾಡಿ, ಉಳಿದ ಐದಕ್ಕೆ ಚೀಟಿ ಹೊರಡಿಸಿದರು. ನೀರು ಬಿಟ್ಟ ಲೆಕ್ಕ ಬರೆಯುವ ಪುಸ್ತಕದಲ್ಲಿ ಒಂದು ಕಾಲಂ ಬಂತು: 'ಆದೇಶ ಕೊಟ್ಟವರು'. ಗೊರಕೆ ನಿಂತುಹೋಯಿತು.

"ಕೆಲ್ಸ ಅರ್ಧಕ್ಕೆ ಇಳೀತಲ್ಲ, ಇನ್ನೇನ್ ರೋಗ ನಿಮ್ಗೆ?" ಎಂದು ಹೆಂಡತಿ ಪುಟ್ಟಗೌರಮ್ಮ ಗದರಿದ್ದಳು.

"ಒಣಗೋ ಪೈರು ಕಣ್ಗೆ ಕಾಣ್ತದೆ ಕಣಮ್ಮಿ, ಕೈ ಮಾತ್ರ ಚೀಟಿಗೆ ಕಾಯ್ತದೆ."

ಎರಡು ವರ್ಷದ ಹಿಂದೆ ರಿಟೈರಾದ ದಿನ ಚಲುವಯ್ಯ ಚಿಕ್ಕಸ್ವಾಮಿಯ ಅಂಗೈಗೆ ಬೀಗದ ಕೈ ಒತ್ತಿ ಹೇಳಿದ್ದ: "ತೂಬಿನ ಚಕ್ರ ಮೂರು ಸುತ್ತಿದ್ರೆ ಮೀಯೋ ನೀರು, ಏಳು ಸುತ್ತಿದ್ರೆ ಗದ್ದೆ ನೀರು. ಇದು ಚೀಟೀಲಿ ಇರಕಿಲ್ಲ ಕಣ್ಲಾ."

*

ಚಿಕ್ಕಸ್ವಾಮಿ ಪಂಚೆ ಎತ್ತಿ ಕಟ್ಟಿದ.

"ಎಲ್ಲಿಗ್ಲಾ?"

"ತೂಬಿಗೆ."

"ಮೆಮೊ?"

"ಬರ್ಲಿ ಬುಡಣ್ಣ. ನನ್ನ ಹೆಸ್ರಿಗೆ ತಾನೆ ಬರೋದು."

ಎಣಿಸಿ ಮೂರೇ ಸುತ್ತು. ಮೊದಲು ಮೇಕೆಗಳು ಎದ್ದವು, ಆಮೇಲೆ ನೆಂಟರು. ಮೊಣಕಾಲುದ್ದ ನೀರಿನಲ್ಲಿ ಎಲ್ಲರೂ ಮಿಂದರು. ಕೊನೆಗೆ ತಾನೂ ಮಿಂದು ತೂಬು ಇಳಿಸಿದ.

ದೀಪ ನೋಡಲು ಹೊರಟವರಲ್ಲಿ ಚಿಕ್ಕಸ್ವಾಮಿ ಕಾಣಲಿಲ್ಲ. ಕರೆದುಕೊಂಡು ಬರಲು ಹೋದ ಶಿವಣ್ಣ ಕೂಗಲೆಂದು ಬಾಯಿ ತೆರೆದವನು ಹಾಗೇ ಮುಚ್ಚಿದ. ಹೊಂಗೆ ಮರದಡಿ, ಒದ್ದೆ ಪಂಚೆಯಲ್ಲೇ, ಚಿಕ್ಕಸ್ವಾಮಿ ಗೊರಕೆ ಹೊಡೆಯುತ್ತಿದ್ದ. ಎದೆಯ ಮೇಲೆ ತೆರೆದ ಪುಸ್ತಕ ಏರಿಳಿಯುತ್ತಿತ್ತು. 'ಆದೇಶ ಕೊಟ್ಟವರು' ಕಾಲಂನಲ್ಲಿ ಇನ್ನೂ ಆರದ ಶಾಯಿ: ಚಿಕ್ಕಸ್ವಾಮಿ.