ತೊಗಟೆ ಸುಲಿಯದ ಸೌನಾ

ಜೂನ್ ತಿಂಗಳ ಕಾಡುಬೆಂಕಿಗೆ ತೌನೊನ ಮನೆಯೂ, ಒಲೆಯ ಮೇಲೆ ಕಲ್ಲು ಕಾಯಿಸಿ ಹಬೆಸ್ನಾನ ಮಾಡುವ ಮರದ ಸೌನಾವೂ ಬೂದಿಯಾದವು. ಹೆಂಡತಿ ಹಿಲ್ಯಾಗೆ ಅಕ್ಟೋಬರಿನಲ್ಲಿ ದಿನ ತುಂಬುತ್ತಿತ್ತು. ಫಿನ್‌ಲೆಂಡಿನಿಂದ ಅಮೆರಿಕದ ಮಿನೆಸೋಟಕ್ಕೆ ಬಂದು ನೆಲೆಸಿದ ಮೇಲೂ ಫಿನ್ನರ ಹೆಂಗಸರು ಹೆರುವುದು ಸೌನಾದ ಬಿಸಿ ಕೋಣೆಯಲ್ಲೇ. ಹಾಗಾಗಿ ತಾವಿಬ್ಬರೂ ಡೇರೆಯಲ್ಲಿದ್ದರೂ ಸರಿ, ಮೊದಲು ಸೌನಾ ಏಳಲಿ ಎಂದು ತೌನೊ ಆಗಸ್ಟಿನಲ್ಲಿ ಸುಟ್ಟ ಪೈನ್ ಮರಗಳನ್ನೇ ಉರುಳಿಸಿ, ತೊಗಟೆಯನ್ನೂ ಸುಲಿಯದೆ, ಹದಿನಾರು ದಿನದಲ್ಲಿ ಗೋಡೆ ಎಬ್ಬಿಸಿಬಿಟ್ಟ.

ಸೆಪ್ಟೆಂಬರಿನಲ್ಲಿ ಗೋಡೆಯೊಳಗೆ ಸದ್ದು ಶುರುವಾಯಿತು. ಕರಕರ, ಕರಕರ. ಸುಟ್ಟ ಮರದ ವಾಸನೆ ಹಿಡಿದು ಬರುವ ಕರಿ ದುಂಬಿ, ಮೈಗಿಂತ ಉದ್ದ ಮೀಸೆಯದು, ಬೆನ್ನಿನ ಮೇಲೊಂದು ಬಿಳಿ ಬೊಟ್ಟು, ಬೆಂಕಿ ಆರಿದ ಬೆನ್ನಲ್ಲೇ ತೊಗಟೆಯಲ್ಲಿ ಮೊಟ್ಟೆಯಿಟ್ಟು ಹೋಗಿತ್ತು. ಅದರ ಮರಿಗಳಿಗೆ ಮರ ಕಡಿಯುವವರು ಗರಗಸದ ಹುಳು ಎನ್ನುತ್ತಾರೆ. ಕಡಿದ ಕೂಡಲೇ ತೊಗಟೆ ಸುಲಿದಿದ್ದರೆ ಈ ಪೀಡೆ ಇರುತ್ತಿರಲಿಲ್ಲ. ತೌನೊಗೆ ಇದು ಗೊತ್ತಿರಲಿಲ್ಲವೆಂದಲ್ಲ, ಅವಸರ.

ಹಿಲ್ಯಾಳ ಮೊದಲ ಮಗು ಅಳದೆಯೇ ಹುಟ್ಟಿತ್ತು. ಆ ಭಯ ಅವಳನ್ನು ಬಿಟ್ಟಿರಲಿಲ್ಲ; ಗೋಡೆಯ ಕರಕರ ಅವಳಿಗೆ ಅಪಶಕುನದಂತೆ ಕೇಳುತ್ತಿತ್ತು.

"ಈ ಗೋಡೆ ಸುಮ್ನಾಗೋವರ್ಗೂ ನಾನು ಒಳಗೆ ಕಾಲಿಡಲ್ಲ," ಎಂದಳು.

ತೌನೊಗೆ ಊಟ ಸೇರದಾಯಿತು. ಗೋಡೆಗೆ ಕಿವಿಯಿಡುತ್ತಿದ್ದ, ಡೇರೆಗೆ ಬರುತ್ತಿದ್ದ, ಮತ್ತೆ ಎದ್ದು ಹೋಗುತ್ತಿದ್ದ. ಒಂದು ಶನಿವಾರ ಒಲೆ ಹಚ್ಚಿ ನೋಡಿದ. ಬೆಚ್ಚಗಾದದ್ದೇ ತಡ, ಹುಳುಗಳಿಗೆ ಚುರುಕು ಬಂದು ಸದ್ದು ಇಮ್ಮಡಿಯಾಯಿತು. ಗಾಬರಿಯಲ್ಲಿ ನೀರು ಸುರಿದು ಆರಿಸಿದ.

ಹೆರಿಗೆ ಮಾಡಿಸಲು ಅತ್ತೆ ಲೆಂಪಿ ಬಂದವಳು ಮೊದಲು ಗೋಡೆಗೇ ಕಿವಿಗೊಟ್ಟಳು.

"ಅಳಿಯಂದ್ರೆ, ಇದನ್ನ ಕಟ್ಟಿದ್ದು ನನ್ ಮಗಳಿಗೋ, ಹುಳಗಳ ಔತಣಕ್ಕೋ?" ಎಂದಳು. ಒಲೆ ಆರಿಸಿದ ಕತೆ ಕೇಳಿ ಹಣೆ ಚಚ್ಚಿಕೊಂಡಳು. "ಅರ್ಧಕ್ಕೇ ಆರಿಸಿದ್ರೆ ಇನ್ನೇನಾಗುತ್ತೆ? ಹಚ್ಚಿ. ಕಲ್ಲು ಕೆಂಪಗಾಗಲಿ."

ಎರಡು ದಿನ ಅವನು ಸೌದೆ ತುರುಕಿದ. ಗೋಡೆ ಮೊದಲು ಹುಚ್ಚು ಹಿಡಿದಂತೆ ಕರಕರಿಸಿತು. ಆಮೇಲೆ ಒಂದೊಂದೇ ದಿಮ್ಮಿ ಸುಮ್ಮನಾಯಿತು. ಮೂರನೆಯ ಬೆಳಿಗ್ಗೆ ಕೋಣೆ ಹದವಾಗಿ ಆರಿದ ಮೇಲೆ, ನೋವು ಶುರುವಾಗಿದ್ದ ಹಿಲ್ಯಾ ತಾಯಿಯ ಕೈ ಹಿಡಿದು ಒಳಗೆ ಹೋದಳು.

ಹೊರಗೆ ತೌನೊನ ಕೈ ಸುಮ್ಮನಿರಲಿಲ್ಲ. ಕತ್ತಿ ತಂದು ಹೊರಗೋಡೆಯ ತೊಗಟೆ ಸುಲಿಯತೊಡಗಿದ. ಮಧ್ಯಾಹ್ನದ ಹೊತ್ತಿಗೆ ಹಿಲ್ಯಾಳ ಕೂಗು ಥಟ್ಟನೆ ನಿಂತಿತು. ಗೋಡೆಯಲ್ಲೂ ಸದ್ದಿಲ್ಲ, ಒಳಗೂ ಸದ್ದಿಲ್ಲ. ತಿಂಗಳಿಂದ ಬೇಡಿಕೊಂಡಿದ್ದ ಮೌನ ಈಗ ಅವನಿಗೆ ಬೇಡವಾಯಿತು. ಒಂದಾದರೂ ಹುಳು ಕೊರೆಯಬಾರದೇ ಎಂದು ದಿಮ್ಮಿಗೆ ಕಿವಿಯೊತ್ತಿದ.

ಆ ದಿಮ್ಮಿಯ ಆಚೆಯಿಂದಲೇ ಮಗು ಅತ್ತಿತು. ಕತ್ತಿ ಕೈಜಾರಿ ಬಿತ್ತು.